ಬೆನ್ನ ಮೇಲಿನ ಹೆಸರು

ಇಂಥ ಅನುಭವಗಳನ್ನು ನಾನು ನಂಬಿದವನಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತು ವರ್ಷದಿಂದ ಕೂತು ಇಂಥವುಗಳ ಮೇಲೆ ಗೀಟು ಎಳೆದವನು. ಹಾಳು ಬಾವಿಯ ಹತ್ತಿರ ಯಾರೋ ಏನೋ ಕಂಡರು ಎಂದು ವರದಿಗಾರ ಬರೆದು ಕಳಿಸಿದರೆ, ಕಂಡದ್ದು ಯಾರಿಗೆ, ಹೆಸರೇನು, ಇನ್ನೊಬ್ಬರೂ ಕಂಡರೇ ಎಂದು ಕೇಳಿ ವಾಪಸ್ ಕಳಿಸುತ್ತಿದ್ದೆ. ಒಂದು ಸಂಗತಿಗೆ ಕನಿಷ್ಠ ಎರಡು ಮೂಲ ಇರಬೇಕೆಂಬುದು ನಮ್ಮ ನಿಯಮ. ಈಗ ಹೇಳಹೊರಟ ಸಂಗತಿಗೆ ಮೂರು ಮೂಲಗಳಿವೆ. ನನಗೆ ತೊಂದರೆಯಾಗಿರುವುದು ಅದರಿಂದಲೇ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಕೋವಿಡ್‌ನ ಎರಡನೇ ಅಲೆಯಲ್ಲಿ ಅಪ್ಪ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿದ್ದರು. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅಮ್ಮ ಅಲ್ಲಿನ ನ್ಯೂ ಟೌನ್ ಮನೆಯಲ್ಲಿದ್ದಳು. ಸೋಂಕನ್ನು ಮನೆಗೆ ಒಯ್ಯಬಾರದೆಂದು ನಾನು ಶಿವಮೊಗ್ಗದಲ್ಲೇ, ಕಚೇರಿಯ ಹತ್ತಿರ ಕೋಣೆ ಹಿಡಿದಿದ್ದೆ. ಅಪ್ಪನಿದ್ದ ವಾರ್ಡಿಗೆ ಮನೆಯವರಲ್ಲಿ ಒಬ್ಬರನ್ನು ಸಂಜೆ ನಾಲ್ಕಕ್ಕೆ, ಪಿಪಿಇ ಕಿಟ್ ತೊಡಿಸಿ, ಅರ್ಧ ಗಂಟೆ ಬಿಡುತ್ತಿದ್ದರು. ಬರುತ್ತೀರಾ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಪುಟ ಮುಗಿದಿಲ್ಲ, ನಾಳೆ ಎಂದೆ. ಮರುದಿನವೂ ನಾಳೆ ಎಂದೆ. ಮೂರನೆಯ ದಿನ ಫೋನ್ ಎತ್ತಲಿಲ್ಲ. ಪುಟ ಒಂದು ನೆಪ. ಜಿಲ್ಲೆಯಲ್ಲಿ ತೀರಿಕೊಂಡವರ ಪಟ್ಟಿಯನ್ನು ದಿನವೂ ಜೋಡಿಸುತ್ತಿದ್ದವನು ನಾನೇ. ಹೆದರಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ಹೋದರು.

ಅಂದು ಸಂಜೆ ಅಮ್ಮ ಫೋನಿನಲ್ಲಿ ಅತ್ತಳು. ಆಮೇಲೆ ಹೇಳಿದಳು: "ಮೂರ್ ದಿನಾನೂ ನಿಮ್ಮಪ್ಪ ಫೋನ್ ಮಾಡಿ ಅದೊಂದೇ ಹೇಳಿದ್ರು ಕಣೋ. ಪೇಪರಪ್ಪ ಬಂದಿದ್ದ, ಓದಿ ಹೇಳಿ ಹೋದ ಅಂತ. ನೀನು ಹೋಗಿದ್ಯಲ್ಲ, ನಂಗಷ್ಟೇ ಸಾಕು."

ಪೇಪರಪ್ಪ ಎಂದರೆ ನಾನು. ಕಾರ್ಖಾನೆ ಸೇರಲಿಲ್ಲವೆಂಬ ಸಿಟ್ಟಿಗೆ ಅಪ್ಪ ಇಟ್ಟ ಹೆಸರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ "ಏನ್ ಪೇಪರಪ್ಪಾ, ಇವತ್ತು ಯಾರ್ ಮಾನ ತೆಗ್ದೆ?" ಎನ್ನುತ್ತಿದ್ದರು. ನಮ್ಮ ಮನೆಯ ಹೊಸ್ತಿಲ ಆಚೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಉಸಿರು ಸಾಲದ ತಲೆಗೆ ಏನೇನೋ ಕಂಡಿರುತ್ತದೆ ಎಂದುಕೊಂಡೆ. ಅಮ್ಮನಿಗೆ "ಹೂಂ" ಎಂದೆ.

ಮೂರು ವರ್ಷದ ನಂತರ, ಭಾನುವಾರದ ಪುರವಣಿಗೆ ವೃತ್ತಿನಿರತರ ಹವ್ಯಾಸಗಳ ಬಗ್ಗೆ ಬರೆಯಲು, ಶಿವಮೊಗ್ಗದಲ್ಲೇ ಇರುವ ಸೋಂಕು ರೋಗಗಳ ತಜ್ಞರೊಬ್ಬರ ಮನೆಗೆ ಹೋದೆ. ಅಪ್ಪನಿದ್ದ ಆಸ್ಪತ್ರೆಯಲ್ಲಿ ಆ ದಿನಗಳಲ್ಲಿ ಇವರೂ ಕೆಲಸ ಮಾಡಿದ್ದರೆಂದು ಗೊತ್ತಿತ್ತು. ಅದನ್ನು ಎತ್ತಬಾರದೆಂದು ನಿರ್ಧರಿಸಿಯೇ ಹೋಗಿದ್ದೆ. ಮಧ್ಯಾಹ್ನ ಮೂರರ ಹೊತ್ತು. ಡಾಕ್ಟರು ಜಗಲಿಯಲ್ಲಿ ಚಾಪೆ ಹಾಸಿಕೊಂಡು ಹಳೆಯ ಪುಸ್ತಕವೊಂದಕ್ಕೆ ರಟ್ಟು ಕಟ್ಟುತ್ತಿದ್ದರು. ಪಕ್ಕದಲ್ಲಿ ಮೈದಾ ಅಂಟಿನ ಪಾತ್ರೆ, ಅದರಲ್ಲಿ ಒಂದು ಚಿಟಿಕೆ ಮೈಲುತುತ್ತ. "ಅಡಿಕೆಗೆ ಹೊಡೀತಾರಲ್ಲ, ಅದೇ. ಹುಳ ಹತ್ತಿರ ಬರಲ್ಲ" ಎಂದರು.

ಅವರು ಚೆನ್ನಾಗಿ ಮಾತಾಡಿದರು. ನಾನು ಬರೆದುಕೊಂಡೆ. "ಜ್ವರ ಅಂತ ಬಂದೋರಿಗೆ ಮೊದ್ಲು ನಾವು ಕೇಳೋದು, ಎಲ್ಲಿಗ್ ಹೋಗಿದ್ರಿ ಅಂತ. ಕಾಡಿಗ್ ಹೋಗಿದ್ರಾ, ಉಣ್ಣಿ ಕಚ್ಚಿತ್ತಾ? ಮಂಗನ ಕಾಯಿಲೆ ನಮಗೆ ಕಲಿಸಿದ ಪಾಠ ಅದು. ಅರ್ಧ ರೋಗ ಕಥೇಲೇ ಸಿಗುತ್ತೆ. ಕೋವಿಡ್‌ನಲ್ಲಿ ಕಥೆ ಕೇಳೋಕೆ ಪುರಸೊತ್ತೇ ಇರ್ಲಿಲ್ಲ. ಗೊತ್ತಿಲ್ಲ ಅಂತ ಬಾಯ್ಬಿಟ್ಟು ಹೇಳೋದನ್ನ ಆಗ ಕಲಿತೆ. ಮೊದ್ಲು ತರಕಾರೀನೂ ಸೋಪಲ್ಲಿ ತೊಳೀರಿ ಅಂದೋರು ನಾವೇ ಅಲ್ವಾ?" ಎಂದು ನಕ್ಕರು.

ರಟ್ಟು ಕಟ್ಟುವ ಹವ್ಯಾಸ ಹುಟ್ಟಿದ್ದೂ ಆಗಲೇ. ವಾರ್ಡಿನಲ್ಲಿ ಉಳಿದುಹೋದ ಪುಸ್ತಕಗಳನ್ನು ಯಾರೂ ಮುಟ್ಟುತ್ತಿರಲಿಲ್ಲ, ಸುಡಲು ಹೊರಟಿದ್ದರು. ಡಾಕ್ಟರು ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ತಿಂಗಳು ಕಳೆದ ಮೇಲೆ ಬಿಚ್ಚಿ, ಹೊಲಿದು, ರಟ್ಟು ಹಾಕಿ ಮನೆಯವರಿಗೆ ಮುಟ್ಟಿಸಿದ್ದರು. ವಿಳಾಸ ಸಿಗದ ಕೆಲವು ಮಾತ್ರ ಬೀರುವಿನಲ್ಲಿ ಉಳಿದಿದ್ದವು. ಫೋಟೊಗಾಗಿ ಅವನ್ನು ಒಂದೊಂದಾಗಿ ತೆಗೆಯುತ್ತಿದ್ದೆ. ನಾಲ್ಕನೆಯದು ಮುಖಪುಟ ಕಿತ್ತುಹೋಗಿದ್ದ ಪತ್ತೇದಾರಿ ಕಾದಂಬರಿ. ಒಳಗಿನ ಹಾಳೆಯಲ್ಲಿ ಅಪ್ಪನ ಸಹಿ, ನಾವು ಬಿಟ್ಟು ಎಷ್ಟೋ ವರ್ಷವಾದ ಕ್ವಾರ್ಟರ್ಸಿನ ನಂಬರು.

ನಮ್ಮ ತಂದೆಯದು ಎಂದೆ. ಡಾಕ್ಟರು ಅಂಟಿನ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ನನ್ನನ್ನು ನೋಡಿದರು.

"ಹಾಗಾದ್ರೆ ಪೇಪರಪ್ಪ ಅಂದ್ರೆ ನೀವೇನಾ? ನಿಮ್ಮನ್ನ ನೋಡಿದ್ದೀನಲ್ರೀ ನಾನು. ಮುಖ ಅಲ್ಲ, ಬೆನ್ನು."

ಪಿಪಿಇ ತೊಟ್ಟರೆ ಎಲ್ಲರೂ ಒಂದೇ ಥರ. ಅದಕ್ಕೇ ಬಾಗಿಲಲ್ಲಿ ಸಿಸ್ಟರು ಮಾರ್ಕರ್ ಹಿಡಿದು ಎಲ್ಲರ ಬೆನ್ನ ಮೇಲೆ ಹೆಸರು ಬರೆಯುತ್ತಿದ್ದರು. ಅಪ್ಪನ ಮಂಚದ ಪಕ್ಕದ ಸ್ಟೂಲಿನಲ್ಲಿ ಮೂರು ಸಂಜೆಯೂ ಒಬ್ಬ ಕೂತು ಓದುತ್ತಿದ್ದ, ಬೆನ್ನ ಮೇಲೆ 'ಪೇಪರಪ್ಪ' ಎಂದಿತ್ತು ಎಂದರು ಡಾಕ್ಟರು. "ನಿಮ್ಮಪ್ಪ ಆಕ್ಸಿಜನ್ ಮಾಸ್ಕ್ ಎತ್ಕೊಂಡು, ಕೊಲೆ ಮಾಡಿದ್ದು ಯಾರು ಅಂತ ಮೊದ್ಲೇ ಹೇಳೋ ಮಾರಾಯ, ನಂಗ್ ಟೈಮಿಲ್ಲ ಅಂತಿದ್ರು. ನೀವು ಹೇಳ್ಲಿಲ್ಲ. ನಾಳೆ ಹೇಳ್ತೀನಿ ಅಂದ್ರಿ. ಒಳ್ಳೇ ಉಪಾಯ ಅನ್ಕೊಂಡೆ ನಾನು."

ನಾನು ಹೋಗಿರಲಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳದೆ ಪ್ರಶ್ನೆ ಕೇಳಿದೆ. ಯಾವ ಹೊತ್ತು? ನಾಲ್ಕು. ಎತ್ತರ? ನಿಮ್ಮಷ್ಟೇ ಇರಬೇಕು. ದನಿ? ಮಾಸ್ಕಿನೊಳಗೆ ಎಲ್ಲರ ದನಿಯೂ ಒಂದೇ. ಆ ಹೊತ್ತಿಗೆ ನಾನು ಮೂರು ದಿನವೂ ಸುದ್ದಿ ಸಭೆಯಲ್ಲಿದ್ದೆ. ಯಾವ ದಿನ ಯಾರಿದ್ದರೆಂದು ಸಭೆಯ ಉಳಿದವರಿಗೆ ಈಗ ನೆನಪಿಲ್ಲ, ಟಿಪ್ಪಣಿ ಇರುವುದು ನನ್ನ ಕೈಬರಹದಲ್ಲೇ.

ನಿಜ ಹೇಳುತ್ತೇನೆ, ನನಗೆ ಮೊದಲು ಅನುಮಾನ ಬಂದದ್ದು ಡಾಕ್ಟರ ಮೇಲೆ. ಅಪ್ಪ ಜ್ವರದಲ್ಲಿ ಕನವರಿಸಿದ ಹೆಸರನ್ನು ಕೇಳಿ, ಮಕ್ಕಳಿಗೆ ಸಮಾಧಾನವಾಗಲೆಂದು ಇವರು ಕಥೆ ಕಟ್ಟುತ್ತಿರಬಹುದು. ಪುಸ್ತಕ ಹಿಂದಿರುಗಿಸುವಾಗ ಎಲ್ಲರಿಗೂ ಇಂಥದ್ದೊಂದು ಕಥೆ ಸಿಗುತ್ತದೆಯೋ ಏನೋ. ಪುಟ ತಿರುಗಿಸಿದೆ. ಆಗ ಪೆನ್ಸಿಲ್ ಗುರುತುಗಳು ಕಂಡವು.

ಅಚ್ಚಿನ ತಪ್ಪು ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ, ಯಾವ ಪುಸ್ತಕವಾದರೂ ತಿದ್ದುತ್ತೇನೆ. ಅಂಚಿನಲ್ಲಿ ಸರಿಯಾದ ಅಕ್ಷರ, ಅದರ ಕೆಳಗೆ ಎರಡು ಗೆರೆ. ಇದು ನಮ್ಮಲ್ಲಿದ್ದ ಹಿರಿಯ ಕರಡು ತಿದ್ದುವವರೊಬ್ಬರು ಕಲಿಸಿದ್ದು. ಗೆರೆಗಳ ನಡುವೆ ಒಂದು ಚುಕ್ಕಿ ಮಾತ್ರ ನನ್ನದು, ಪೆನ್ಸಿಲ್ ಎತ್ತುವ ಮೊದಲು ಕೈ ತಾನಾಗಿ ಇಡುವಂಥದ್ದು. ಅಪ್ಪನ ಕಾದಂಬರಿಯಲ್ಲಿ ಮೊದಲ ಪುಟದಿಂದ ನೂರಾ ಹನ್ನೆರಡನೆಯ ಪುಟದವರೆಗೆ ಆ ಗೆರೆಗಳಿದ್ದವು, ಚುಕ್ಕಿಯೂ ಇತ್ತು. ಆಮೇಲಿನ ಪುಟಗಳಲ್ಲಿ ಒಂದು ಗುರುತೂ ಇಲ್ಲ. ಈ ಪುಸ್ತಕವನ್ನು ನಾನು ಎಂದೂ ಕೈಯಲ್ಲಿ ಹಿಡಿದವನಲ್ಲ.

ಮುಂದಿನ ಎರಡು ವಾರ ನಾನು ಮಾಡಿದ್ದು ಬರೀ ವರದಿಗಾರನ ಕೆಲಸ. ಆಗ ಬಾಗಿಲಲ್ಲಿದ್ದ ಸಿಸ್ಟರನ್ನು ಹುಡುಕಿದೆ. ಈಗ ಬೇರೆ ಊರಿನಲ್ಲಿದ್ದಾರೆ. ಹೆಸರನ್ನು ನಾನು ಹೇಳಲಿಲ್ಲ, ವಿಚಿತ್ರ ಹೆಸರು ಯಾವುದಾದರೂ ನೆನಪಿದೆಯೇ ಎಂದಷ್ಟೇ ಕೇಳಿದೆ. "ಒಬ್ರು ಪೇಪರಪ್ಪ ಅಂತ ಬರೀರಿ ಅಂದಿದ್ರು ಸರ್. ಇದೇನ್ ಹೆಸ್ರು ಅಂತ ನಕ್ಕಿದ್ದೆ. ಆ ದಿನಗಳಲ್ಲಿ ನಕ್ಕಿದ್ದು ಅದೊಂದೇ ಸಲ, ಅದಕ್ಕೇ ನೆನಪಿದೆ." ಮುಖ? "ಬಾಗಿಲಿಗೆ ಬರೋ ಹೊತ್ತಿಗೆ ಎಲ್ರೂ ತೊಟ್ಕೊಂಡೇ ಬರ್ತಿದ್ರಲ್ಲ ಸರ್."

ಆ ಎರಡು ಗೆರೆ ಗೊತ್ತಿದ್ದ ಇನ್ನೊಬ್ಬರೆಂದರೆ ಕಲಿಸಿದ ಹಿರಿಯರು. ಫೋನ್ ಮಾಡಿದೆ. "ಆಗ ಕಾಲು ಮುರ್ಕೊಂಡು ಬಚ್ಚಲಿಗ್ ಹೋಗೋಕೂ ಆಗ್ತಿರ್ಲಿಲ್ಲ ಮಾರಾಯ, ನಿಮ್ಮಪ್ಪನಿಗೆ ಕಥೆ ಓದೋಕೆ ಬರ್ತೀನಾ?" ಎಂದು ಬೈದರು. ಉಳಿದವರು ಅಪ್ಪ. ನಾನು ತಿದ್ದುವುದನ್ನು ನೋಡಿ "ಅಚ್ಚಾದ್ಮೇಲೆ ತಿದ್ದಿ ಏನ್ ಬಂತೋ" ಎಂದು ಆಡಿಕೊಳ್ಳುತ್ತಿದ್ದರು. ಮಗ ಬರಲಿಲ್ಲವೆಂದು ಅವರೇ ಕೂತು ಮಗನ ಗುರುತು ಹಾಕಿದರೇ? ಕೈಗೆ ಡ್ರಿಪ್ ಇತ್ತು, ಚಮಚ ಹಿಡಿಯಲೂ ಕೈ ನಡುಗುತ್ತಿತ್ತು ಎಂದರು ಡಾಕ್ಟರು. ಈ ಗೆರೆಗಳಲ್ಲಿ ನಡುಕವಿಲ್ಲ. ಒಂದುವೇಳೆ ಗುರುತು ಅಪ್ಪನವೇ ಎಂದರೂ, ಸ್ಟೂಲಿನ ಮೇಲೆ ಕೂತಿದ್ದವನು ಯಾರು?

ಕೊನೆಗೆ ಡಾಕ್ಟರ ಬಳಿ ಒಪ್ಪಿಕೊಂಡೆ, ಅದು ನಾನಲ್ಲ ಎಂದು. ನನ್ನ ಮೇಲೆ ಅವರಿಗೂ ಅನುಮಾನ ಬಂದಂತೆ ಕಂಡಿತು. "ಗೊತ್ತಿಲ್ಲ ಅಂತ ಬರ್ಕೊಳ್ಳಿ" ಎಂದರು ಕಡೆಗೆ. ಪುರವಣಿಯ ಲೇಖನದಲ್ಲಿ ನಾನು ಮೈದಾ ಅಂಟಿನ ಬಗ್ಗೆ ಮಾತ್ರ ಬರೆದೆ.

ಪುಸ್ತಕವನ್ನು ಬ್ಯಾಗಿನಲ್ಲಿಟ್ಟುಕೊಂಡು ಬೈಕಿನಲ್ಲಿ ಭದ್ರಾವತಿಯ ಮನೆಗೆ ಹೊರಟೆ. ಅಮ್ಮನಿಗೆ ಇವತ್ತು ನಿಜ ಹೇಳಿಬಿಡಬೇಕು ಎಂಬ ನಿರ್ಧಾರ ದಾರಿಯ ಮಲವಗೊಪ್ಪ ದಾಟುವವರೆಗೂ ಗಟ್ಟಿಯಾಗಿತ್ತು. ಅಮ್ಮ ಪುಸ್ತಕ ಕೈಗೆ ತಗೊಂಡು ಸಹಿಯ ಮೇಲೆ ಬೆರಳಾಡಿಸಿದಳು.

"ಅವರಿಗೆ ಎಲ್ಲೀವರೆಗೆ ಓದಿದ್ದೆ?"

ಬಾಯಿ ತೆರೆದೆ. ಹೊರಬಂದದ್ದು, "ನೂರಾ ಹನ್ನೆರಡು."

"ಅಯ್ಯೋ, ಕಳ್ಳ ಯಾರು ಅಂತ ಗೊತ್ತಾಗ್ದೇನೇ ಹೋದ್ರಾ? ಅಲ್ಲಿಂದ ಓದು."

ಓದಿದೆ. ನೂರಾ ಹದಿಮೂರನೆಯ ಪುಟದಲ್ಲಿ 'ಕೊಲೆಗಾರ' ಎಂಬುದು 'ಕೊಳೆಗಾರ' ಎಂದು ಅಚ್ಚಾಗಿತ್ತು. ಅಭ್ಯಾಸಬಲ, ಜೇಬಿನ ಪೆನ್ಸಿಲ್ ಕೈಗೆ ಬಂತು. ತಿದ್ದಿದೆ. ಆಮೇಲೆ ಎಡಗಡೆ ಪುಟ ನೋಡಿದೆ. ಅಲ್ಲಿ 'ಬಾಗಿಲು' ಎಂಬುದನ್ನು 'ಬಾಗಿಳು' ಮಾಡಿದ್ದರು, ಅಂಚಿನಲ್ಲಿ ಯಾರೋ 'ಲು' ಬರೆದು ಗೆರೆ ಎಳೆದಿದ್ದರು. ಈಚೆ ನನ್ನ 'ಲೆ'. ಲಕಾರದ ಅದೇ ಬಾಗು, ಅವೇ ಎರಡು ಗೆರೆ, ಚುಕ್ಕಿ. ಒಂದೇ ಕರಡಿನಲ್ಲಿ ಇಬ್ಬರ ಕೈ ಬಿದ್ದಿದ್ದರೆ ಯಾವುದು ಯಾರದೆಂದು ಗುರುತು ಹಿಡಿಯುವುದು ನನ್ನ ಕಸುಬು. ಕನ್ನಡಕ ತೆಗೆದು, ಹಾಕಿಕೊಂಡು ನೋಡಿದೆ. ಎರಡು ಕೈ ಕಾಣಲಿಲ್ಲ.

"ಯಾಕ್ ನಿಲ್ಲಿಸ್ದೆ?" ಎಂದಳು ಅಮ್ಮ. "ನಾಳೆ ಅಂತ ಮಾತ್ರ ಹೇಳ್ಬೇಡ."

ಆ ಸಂಜೆಯೇ ಕೊನೆಯ ಪುಟದವರೆಗೂ ಓದಿ ಮುಗಿಸಿದೆ. ಅಮ್ಮನಿಗೆ ಇಂದಿಗೂ ಹೇಳಿಲ್ಲ. ಹೇಳುವುದಾದರೂ ಏನನ್ನು? ನಾನು ಹೋಗಿರಲಿಲ್ಲ ಎಂಬುದಕ್ಕೆ ಇರುವ ಮೂಲ ಒಂದೇ, ನಾನು.