ಹಿಂದೆ ಯಾರೂ ಇಲ್ಲ

೧೯೬೧ರ ಮೇ ತಿಂಗಳ ಕೊನೆಯ ಸೋಮವಾರ. ಶರಾವತಿಯ ಆಚೆ ದಡದಲ್ಲಿ ಹೊನ್ನಾವರದ ಹೆಂಚುಗಳ ಮೇಲೆ ಬೆಳಗಿನ ಬಿಸಿಲು ಆಗತಾನೆ ಬಿದ್ದಿತ್ತು. ನಾನು ಈಚೆ ದಡದಲ್ಲಿ, ಹೊಳೆ ದಾಟಿಸುವ ತಾರಿಯ ದೊಡ್ಡ ದೋಣಿಯ ಹಿಂತುದಿಯ ಹಲಗೆಯ ಮೇಲೆ, ನೆಲದ ಕಡೆ ಮುಖ ಮಾಡಿ ನಿಂತಿದ್ದೆ. ಅಲ್ಲಿಂದ ಊರಿನ ದಾರಿ ನೆಟ್ಟಗೆ ಕಾಣುತ್ತಿತ್ತು. ಆ ದಾರಿಯಲ್ಲಿ ಗಣಪ ಓಡಿ ಬರುತ್ತಿದ್ದ. ನಾನು ಅವನನ್ನು ನೋಡಿದೆ. ನೋಡಿ, "ಹಿಂದೆ ಯಾರೂ ಇಲ್ಲ" ಎಂದೆ.

ನಾನು ಮಾಡಿದ್ದು ಇಷ್ಟೇ. ಇಷ್ಟೇ ಎಂದು ಎಂಟು ವರ್ಷ ನನಗೆ ನಾನೇ ಹೇಳಿಕೊಂಡೆ — ಇನ್ನು ಹೇಳಿಕೊಳ್ಳಲಾರೆ.

ಆ ತಾರಿಯಲ್ಲಿ ಒಂದು ಪದ್ಧತಿ ಇತ್ತು. ದೋಣಿ ನಡೆಸುವ ತಾಂಡೇಲ ಗಳ ಹಿಡಿದು ನೀರಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಜನ, ಬುಟ್ಟಿ, ಗಂಟುಗಳ ನಡುವೆ ಅವನಿಗೆ ದಡ ಕಾಣುತ್ತಿರಲಿಲ್ಲ. ಆದ್ದರಿಂದ ಹೊರಡುವ ಮೊದಲು, "ಹಿಂದೆ ಯಾರಾದ್ರೂ ಇದ್ರಾ?" ಎಂದು ಕೂಗುತ್ತಿದ್ದ. ಕೊನೆಗೆ ಹತ್ತಿದವನು ದಾರಿ ನೋಡಿ ಉತ್ತರ ಹೇಳಬೇಕು. ಬೇರೆಯವರು ಬಾಯಿ ಹಾಕುವುದಿಲ್ಲ. ಅವನ ಮಾತೇ ಕೊನೆ. ಆ ಮಾತಿನಲ್ಲಿ ಯಾರೂ ಸುಳ್ಳು ಹೇಳಿದ್ದು ನಾನು ಕೇಳಿಲ್ಲ. ಇವತ್ತು ನಾನು ದೋಣಿಯಲ್ಲಿ, ನಾಳೆ ನಾನೇ ದಡದಲ್ಲಿ — ಇದು ಗೊತ್ತಿಲ್ಲದ ಮನುಷ್ಯ ಆ ಹೊಳೆಯ ಬದಿಯಲ್ಲಿ ಹುಟ್ಟಿರಲಿಲ್ಲ. ನಾನೂ ಅಲ್ಲೇ ಹುಟ್ಟಿದವನು.

ಗಣಪ, ಹಸನ್, ನಾನು — ಮೂವರೂ ಈಚೆ ದಡದ ಶಾಲೆಗೆ ಒಂದೇ ಬೆಳಿಗ್ಗೆ ಸೇರಿದವರು. ಹುಟ್ಟಿದ ದಿನ ಯಾರ ಮನೆಯಲ್ಲೂ ಸರಿಯಾಗಿ ಗೊತ್ತಿರಲಿಲ್ಲ. ಮಾಸ್ತರರು ಮೂವರಿಗೂ ಜೂನ್ ಒಂದು ಎಂದು ಬರೆದುಕೊಂಡರು. ವರ್ಷವೂ ಒಂದೇ. ಮುಂದೆ ಹಸನ್ ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟ. ನಾನು ಅದೇ ಊರಿನ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಗಣಪ ಹೊಳೆಯ ನಡುವಿನ ಮಾವಿನಕುರ್ವೆಯಲ್ಲೇ ಉಳಿದ. ಅಳಿವೆಯ ಬಾಯಲ್ಲಿ ದೋಣಿ ದಾಟಿಸುವುದರಲ್ಲಿ ಅವನಂಥವನು ಇನ್ನೊಬ್ಬನಿಲ್ಲ ಎಂದು ಮೀನುಗಾರರೇ ಹೇಳುತ್ತಿದ್ದರು.

ತಾರಿಗೆ ಹೋಗುವ ಹಳೆಯ ದಾರಿಗೆ ಯಾರೋ ಬೇಲಿ ಹಾಕಿದ್ದರಿಂದ ವ್ಯಾಜ್ಯವಾಯಿತು. ದಾರಿ ನಮ್ಮ ಚಿಕ್ಕಂದಿನಿಂದಲೂ ಇತ್ತು ಎಂದು ಸಾಕ್ಷಿ ಹೇಳಲು ನಾವು ಮೂವರೂ ಕುಮಟೆಯ ಕೋರ್ಟಿಗೆ ಹೋದೆವು. ಹುಟ್ಟಿದ ದಿನ ಕೇಳಿದರು. ಮೂವರೂ ಜೂನ್ ಒಂದು ಎಂದೆವು.

"ಮೂವರಿಗೂ ಒಬ್ಬಳೇ ತಾಯಿಯೇನು?" ಎಂದರು ಎದುರು ವಕೀಲರು.

"ತಾಯಿ ಬೇರೆ ಬೇರೆ ಸ್ವಾಮಿ," ಎಂದ ಗಣಪ. "ಮಾಸ್ತರು ಒಬ್ರೇ."

ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಆ ನಗೆಯಲ್ಲೇ ನಮ್ಮ ಪ್ರಯಾಣ ಹುಟ್ಟಿತು. ಹೊರಗೆ ಬಂದು ಹೋಟೆಲಿನಲ್ಲಿ ಕೂತಾಗ ಹಸನ್ ಬೆರಳು ಮಡಚಿ ಲೆಕ್ಕ ಹಾಕಿದ. "ಬಪ್ಪ ಜೂನಿಗೆ ಮೂರೂ ಜನಕ್ಕೆ ಐವತ್ತು. ಎಂತಾದ್ರೂ ಮಾಡೂಕೇ ಬೇಕು ಮಾರಾಯ."

"ಐವತ್ತಕ್ಕೆ ಎಂತ ಮಾಡೂದು? ಉಳಿದ ಹಲ್ಲು ಎಣಿಸೂದು," ಎಂದ ಗಣಪ.

"ಬೊಂಬಾಯಿಗೆ ಹೋಗ್ವ!"

ಮುಂಬಯಿ ನಮ್ಮ ಶಾಲೆಯ ನಕ್ಷೆಯಲ್ಲಿ ನಮ್ಮ ರಾಜಧಾನಿಯಾಗಿತ್ತು. ನಾವು ನೋಡುವ ಮೊದಲೇ ರಾಜಧಾನಿ ಬೇರೆಯಾಗಿಹೋಯಿತು. ಹಸನ್ ಅಂಗಡಿ ಸರಕಿಗೆ ಹುಬ್ಬಳ್ಳಿಯವರೆಗೆ ಹೋಗಿದ್ದ, ಮುಂದೆ ಇಲ್ಲ. ಅವನಿಗೆ ಎರಡು ಅಂತಸ್ತಿನ ಬಸ್ಸಿನ ಮೇಲೆ ಕೂರಬೇಕು. ನನಗೆ ಪಾಠದ ಪುಸ್ತಕದ ಗಡಿಯಾರ ಗೋಪುರ ನೋಡಬೇಕು. ಗಣಪನಿಗೆ ಅಲ್ಲಿನ ಸಮುದ್ರದ ನೀರನ್ನು ಬಾಯಿಗೆ ಹಾಕಿ ನೋಡಬೇಕು — "ನಮ್ಮಷ್ಟೇ ಉಪ್ಪೋ, ಪೇಟೆ ಉಪ್ಪೋ ಅಂತ."

"ನಾನು ನಮ್ಮವರ ಖೋಲಿಲಿ ಇರ್ತೆ," ಎಂದ ಹಸನ್. "ಗಣಪಂಗೂ ಅಲ್ಲೇ ಜಾಗ ಮಾಡ್ವ."

"ಛೆ ಛೆ, ಅವ ನನ್ನ ಜೊತೆ," ಎಂದೆ ನಾನು. "ನನ್ನ ಭಾವನ ಮನೆ ಇಲ್ವಾ ಅಲ್ಲಿ?"

ಕೇಳಿದವರಿಲ್ಲ, ಒತ್ತಾಯಿಸಿದವರಿಲ್ಲ. ದೊಡ್ಡವನಾಗಿ ಕಾಣುವ ಆಸೆಯಿಂದ ಆಡಿದ ಮಾತು ಅದು. ಗಣಪನ ಮುಖ ಅರಳಿತು. ಆ ಮುಖ — ಬೇಡ, ಅದನ್ನು ವರ್ಣಿಸುವ ಹಕ್ಕು ನನಗಿಲ್ಲ.

ತಿರುಗಿ ಬರುವಾಗ ತಾರಿಯಲ್ಲಿ ಅವನು ನನ್ನನ್ನು ಬದಿಗೆ ಕರೆದ. ನನಗೆ ನೌಕರಿ ಆದಂದಿನಿಂದ ಅವನು ಅರ್ಧ ತಮಾಷೆಗೆ ನನ್ನನ್ನು ಒಡೆಯ ಎನ್ನುತ್ತಿದ್ದ. "ಒಡ್ಯಾ, ಯಾರ ಹತ್ರವೂ ಹೇಳೂಕೆ ಹೋಗ್ಬೇಡ. ಕಣ್ಣಿಗೆ ಬದಿಯಿಂದ ಕತ್ಲೆ ಬತ್ತಾ ಉಂಟು. ಬಿದಿರು ಕೊಳವೆಲಿ ನೋಡ್ದಂಗೆ — ಎದುರಿಗೆ ಇದ್ದದ್ದು ಮಾತ್ರ ಕಾಣ್ತದೆ." ಊರಿಗೆ ತಿಳಿದರೆ ಅವನ ಕೈಗೆ ಯಾರೂ ದೋಣಿ ಕೊಡುವುದಿಲ್ಲ. ಅವನಿಗೆ ಬಸ್ಸೂ ಬೇಡ, ಗೋಪುರವೂ ಬೇಡ, ಕಣ್ಣಿನ ವೈದ್ಯರು ಬೇಕಾಗಿತ್ತು. ಭಾವನ ಪಕ್ಕದ ಮನೆಯಲ್ಲೇ ಅಂಥ ವೈದ್ಯರಿದ್ದರು. "ತೋರಿಸ್ವ, ಹೆದರಬೇಡ," ಎಂದು ಅವನ ಕೈ ಹಿಡಿದು ಮಾತು ಕೊಟ್ಟೆ.

ಆಮೇಲೆ ತಿಂಗಳುಗಳು ಕಳೆದವು. ಭಾವನಿಗೆ ನಾನು ಬರುವುದನ್ನು ತಿಳಿಸಿದೆ. ಗಣಪನ ವಿಷಯ ತಿಳಿಸಲಿಲ್ಲ. ಅವನನ್ನು ಊಟಕ್ಕೆ ಎಲ್ಲಿ ಕೂರಿಸುವುದು? ಅವನ ಎಲೆ ಯಾರು ತೆಗೆಯುವುದು? ಅಕ್ಕಪಕ್ಕದವರು ಇವನು ಯಾರೆಂದು ಕೇಳಿದರೆ? ಇಂಥ ಪ್ರಶ್ನೆಗಳನ್ನು ಭಾವ ಕೇಳಿರಲಿಲ್ಲ. ಮನಸ್ಸಿನಲ್ಲೇ ಅವನ ಬಾಯಿಂದ ನಾನೇ ಕೇಳಿಸಿಕೊಂಡು ನಾನೇ ನಾಚುತ್ತಿದ್ದೆ. ಹೆಂಡತಿ ಹೇಳಿದಳು: "ಅಣ್ಣಂಗೆ ಒಂದ್ ಮಾತು ಹೇಳಿಬುಡಿ. ಅವ ಬ್ಯಾಡ ಹೇಳವಲ್ಲ."

"ಹೇಳ್ತೆ," ಎಂದೆ. ಹೇಳಲಿಲ್ಲ. ಬರಬೇಡ ಎಂದು ಗಣಪನಿಗೂ ಹೇಳಲಿಲ್ಲ. ಏನಾದರೂ ಆಗಿ ಅವನೇ ಬರದೆ ಉಳಿದರೆ — ಎಂದು ಒಳಗೊಳಗೇ ಕಾಯತೊಡಗಿದೆ.

ಆ ಸೋಮವಾರ ಹಸನ್ ಮತ್ತು ನಾನು ಭಟ್ಕಳದ ಮೊದಲ ಬಸ್ಸಿಗೆ ತಾರಿಗೆ ಬಂದೆವು. ಚಿಕ್ಕಂದಿನ ಹಾಗೆ ಮೂವರೂ ಒಟ್ಟಿಗೆ ಹೊಳೆ ದಾಟಬೇಕೆಂದು ಮಾತಾಗಿತ್ತು. ಆಚೆ ದಡದಲ್ಲಿ ಹುಬ್ಬಳ್ಳಿಯ ಬಸ್ಸು ನಿಂತಿತ್ತು; ನಮ್ಮ ದೋಣಿಗಾಗಿ ಮಾತ್ರ ಅದು ಕಾಯುತ್ತಿತ್ತು. ಈ ದೋಣಿ ತಪ್ಪಿದವನಿಗೆ ಪ್ರಯಾಣವೇ ತಪ್ಪಿದಂತೆ. ಗಣಪ ಕಾಣಲಿಲ್ಲ. ನನಗೆ ಸಮಾಧಾನವಾಯಿತು. ಹೌದು, ಸಮಾಧಾನ — ಆ ಪದವನ್ನು ಬದಲಿಸಲಾರೆ.

ಹಸನ್ ದೋಣಿಯ ಮುಂತುದಿಯಲ್ಲಿ ಟ್ರಂಕಿನ ಮೇಲೆ ಕೂತಿದ್ದ. "ಗಣಪ ಎಲ್ಲಿ ಸತ್ತ?" ಎಂದು ಅಲ್ಲಿಂದಲೇ ಕೂಗಿದ.

"ಮನಸ್ಸು ತಿರುಗಿರ್ಬೇಕು," ಎಂದು ನಾನು ಕೊನೆಯವನಾಗಿ ಹತ್ತಿದೆ.

ತಾಂಡೇಲ ಕೇಳಿದ. ನಾನು ತಿರುಗಿ ನೋಡಿದೆ.

ಹೊಸ ಬಿಳಿ ಅಂಗಿ. ಕಂಕುಳಲ್ಲಿ ಬಟ್ಟೆಯ ಗಂಟು. ಹೆಗಲ ಮೇಲೆ ಒಂದು ದೊಡ್ಡ ಕಲ್ಲಂಗಡಿ, ಅದನ್ನು ತಬ್ಬಿ ಹಿಡಿದ ಎರಡೂ ಕೈ. ಕೈ ಬೀಸಲು ಅವನಿಗೆ ಕೈ ಇರಲಿಲ್ಲ. ಕುತ್ತಿಗೆಯನ್ನು ಅತ್ತಿತ್ತ ಹೊರಳಿಸದೆ, ಮುಖವನ್ನು ದೋಣಿಗೆ ನೆಟ್ಟು ಓಡುತ್ತಿದ್ದ. ಕೂಗುತ್ತಿದ್ದನೋ ಏನೋ, ಗಾಳಿ ಸಮುದ್ರದ ಕಡೆಯದು. ನನ್ನ ಕಾಲ ಬಳಿ ಬರಿ ಬುಟ್ಟಿ ಇಟ್ಟುಕೊಂಡು ಮೀನು ಮಾರುವ ನಾಗಿ ಕೂತಿದ್ದಳು. ಅವಳೂ ದಾರಿಯ ಕಡೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಹಿಂದೆ ಯಾರೂ ಇಲ್ಲ."

ಗಳ ನೀರಿಗೆ ಬಿತ್ತು. ಆ ದಾರಿ ಇದೆ ಎಂದು ಪ್ರಮಾಣ ಮಾಡಿ ಸಾಕ್ಷಿ ಹೇಳಿದವನು ನಾನು. ಆ ದಾರಿಯಲ್ಲಿ ಯಾರೂ ಇಲ್ಲ ಎಂದವನೂ ನಾನು.

ಮುಂಬಯಿಯಲ್ಲಿ ಜೂನ್ ಒಂದರ ಸಂಜೆ ಹಸನ್ ಸಿಹಿ ತಂದ. ಗಣಪನ ಪಾಲು ಎಂದು ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡ. ಹಸನ್ ಹೊರಟ ಮೇಲೆ ಪಕ್ಕದ ಮನೆಯ ವೈದ್ಯರು ಭಾವನಲ್ಲಿಗೆ ಮಾತಿಗೆ ಬಂದು ಕೂತರು. ಊರಿನವನೊಬ್ಬ ಎಂದು ನಾನು ಕಣ್ಣಿನ ವಿಷಯ ಕೇಳಿದೆ. ಅವರು ನೆಟ್ಟಗೆ ಕೂತು ಹೇಳಿದರು: "ಹೋದ ದೃಷ್ಟಿ ಬರುವುದಿಲ್ಲ. ಉಳಿದದ್ದನ್ನು ಉಳಿಸಬಹುದು. ತಡಮಾಡದೆ ಕರೆತನ್ನಿ."

ಅವರು ಹೋದ ಮೇಲೆ ಭಾವ ಅಂದ: "ಅವನ್ನೂ ಕರ್ಕಂಡು ಬಪ್ಪಲಾಗಿತ್ತು ಮಾರಾಯ. ಜಾಗ ಎಂತ ಕಮ್ಮಿ ಇತ್ತಾ ಇಲ್ಲಿ?"

ಇನ್ನು ಮುಂದಿನದು ಮೊದಲಿನದಕ್ಕಿಂತ ಕೆಟ್ಟದ್ದು. ತಿರುಗಿ ಬಂದ ಮೇಲೆ ವೈದ್ಯರ ಮಾತನ್ನಾದರೂ ಅವನಿಗೆ ತಲುಪಿಸಬಹುದಿತ್ತು. ಮಳೆಗಾಲ, ಹೊಳೆ ತುಂಬಿದೆ ಎಂದುಕೊಂಡೆ. ಅವನ ಎದುರು ನಿಂತರೆ ಎಲ್ಲ ಹೊರಬೀಳುತ್ತದೆ ಎಂದು ಹೆದರಿ ಆ ಮಳೆಗಾಲವಿಡೀ ತಾರಿಯ ಕಡೆ ಸುಳಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಗಣಪ ಅಳಿವೆಯಲ್ಲಿ ದೋಣಿಯನ್ನು ಬಂಡೆಗೆ ತಾಗಿಸಿದ. ಜನ ಉಳಿದರು, ಗುಟ್ಟು ಉಳಿಯಲಿಲ್ಲ. ಹಸನ್ ಅವನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಹೇಳಿದ್ದು ಒಂದೇ ಮಾತು: ಮಳೆಗಾಲದ ಮೊದಲೇ ಬರಬೇಕಿತ್ತು.

ಆಗ ನಾನು ಹೋದೆ. ಅವನು ಜಗಲಿಯಲ್ಲಿ ಕೂತು ಬಲೆಯ ಹರಕನ್ನು ಬೆರಳಿನಿಂದ ಹುಡುಕುತ್ತಿದ್ದ. ನನ್ನ ದನಿ ಕೇಳಿ ಎದ್ದು ನಿಂತ. "ತಪ್ಪು ನಂದೇ ಒಡ್ಯಾ. ಹೊತ್ತಿಗೆ ಮುಂಚೆ ಬಂದಿದ್ದೆ ನಾನು. ನಿನ್ನ ಭಾವನ ಮನೆಲಿ ಮೀನು ತಿನ್ನೂದಿಲ್ಲ, ಬರಿಗೈಲಿ ಹೆಂಗೆ ಹೋಗೂದು ಅಂತ ಕಲ್ಲಂಗಡಿ ತರೂಕೆ ಹೋದೆ. ತಡ ಆತು. ನಿಮ್ಮ ಹುಟ್ಟುಹಬ್ಬನೂ ಹಾಳು ಮಾಡ್ದೆ."

ನಾನು, "ಇರ್ಲಿ ಬಿಡು," ಎಂದೆ.

ಅವನ ಎರಡೂ ಕಣ್ಣು ತೆಗೆದವನು ನಾನು, ಕ್ಷಮಿಸಿದವನೂ ನಾನು! ಅಲ್ಲಿಂದೀಚೆಗೆ ಹೋದಾಗಲೆಲ್ಲ ಅವನು ಅದನ್ನೇ ಹೇಳುತ್ತಾನೆ, ನಾನು ಅದನ್ನೇ ಹೇಳುತ್ತೇನೆ. ಹೋದ ವಾರವೂ ಹೇಳಿದೆ. ಅದೇ ಕೊನೆ.

ಭಾವನ ಮನೆ ಸಣ್ಣದಾಗಿರಲಿಲ್ಲ. ಹೆಂಡತಿ ತಡೆದಿರಲಿಲ್ಲ. ಹಸನ್ ಜಾಗ ಕೊಟ್ಟಿದ್ದ. ಯಾರದಾದರೂ ಬೆನ್ನ ಹಿಂದೆ ನಾನು ಅವಿತುಕೊಳ್ಳೋಣವೆಂದರೆ ಒಬ್ಬ ಮನುಷ್ಯನೂ ಇಲ್ಲ. ಗಣಪನಿಗೆ ಇದನ್ನು ಓದಲಾಗದು. ಆದ್ದರಿಂದ ನಾಳೆ ಮಾವಿನಕುರ್ವೆಗೆ ಹೋಗಿ, ಹಸನನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲ ಸಾಲಿನಿಂದ ನಾನೇ ಓದಿ ಹೇಳುತ್ತೇನೆ. ಆಮೇಲೆ ಅವನು ಏನು ಹೇಳುತ್ತಾನೋ, ಅದು ಅವನದು.

ತಾಂಡೇಲ ತೀರಿಹೋದ; ಅವನು ನೋಡಿರಲೂ ಇಲ್ಲ, ನನ್ನ ಮಾತನ್ನು ನಂಬಿದ. ಹಸನ್ ನೀರಿನ ಕಡೆ ನೋಡುತ್ತಿದ್ದ. ನಾನು ನೋಡಿದ್ದನ್ನು ನೋಡಿದವಳು ನಾಗಿ. ಈಚೆ ದಡದ ಕಾಸರಕೋಡಿನಲ್ಲಿ ಮಗಳ ಮನೆಯಲ್ಲಿ ಬದುಕಿದ್ದಾಳೆ. ನಾನು ಇಲ್ಲಿ ಏನಾದರೂ ಮುಚ್ಚಿಟ್ಟಿದ್ದರೆ ಅವಳನ್ನು ಕೇಳಿ. ಇನ್ನೊಬ್ಬ ಸಾಕ್ಷಿ ಗಣಪ. ಅವನಿಗೆ ಆಗ ನೇರ ಎದುರಿಗೆ ಇದ್ದದ್ದು ಮಾತ್ರ ಕಾಣುತ್ತಿತ್ತು. ನೇರ ಎದುರಿಗೆ ನಿಂತು ಅವನನ್ನೇ ನೋಡುತ್ತಿದ್ದವನು ನಾನು. ಅವನೂ ಬದುಕಿದ್ದಾನೆ.