ತಾರ್ಲೆ ಎಣ್ಣೆ ಕುಡಿದ ಬ್ರೇಕು

ಮಳೆಗಾಲ ಹಿಡಿದ ಹೊಸತರಲ್ಲಿ ನನ್ನ ಕಾರು ಕೂಗಲು ಶುರು ಮಾಡಿತು. ಬ್ರೇಕಿನ ಮೇಲೆ ಕಾಲಿಟ್ಟರೆ ಸಾಕು, ಮುಂದಿನ ಎಡಚಕ್ರದಿಂದ ಕೀಂ ಎಂಬ ದನಿ. ಎಣ್ಣೆ ಕಾಣದ ರಾಟೆಯಲ್ಲಿ ಬಾವಿಗೆ ಕೊಡ ಇಳಿಸಿದ ಹಾಗೆ. ಮುರ್ಡೇಶ್ವರದ ಕಡಲ ಬದಿಯ ನಮ್ಮ ಕೇರಿಯಿಂದ ಹೊನ್ನಾವರದ ಆಫೀಸಿಗೆ ನಾನು ದಿನವೂ ಹೋಗಿಬರುವುದು ಅದೇ ಕಾರಿನಲ್ಲಿ. ಜೊತೆಗೆ ಬರುವ ಸಹೋದ್ಯೋಗಿ ಮೊದಲ ದಿನವೇ ರಿಪೇರಿ ಮಾಡಿಕೊಟ್ಟಳು. ಕೈ ಚಾಚಿ ಹಾಡಿನ ವಾಲ್ಯೂಮ್ ಏರಿಸಿದಳು.

“ಈಗ ಕೇಳ್ತದಾ?”

“ಇಲ್ಲ.”

“ಆತಲ್ಲ ಮತ್ತೆ.”

ಬ್ರೇಕಿನ ಬಗ್ಗೆ ನಮ್ಮ ಕಡೆ ಜ್ಞಾನಕ್ಕೆ ಬರವಿಲ್ಲ. ಉಪ್ಪುಗಾಳಿಗೆ ಎಲ್ಲ ಕಾರೂ ಕೂಗ್ತದೆ ಎಂದ ಒಬ್ಬ. ಇಡಗುಂಜಿಗೆ ಹೋಗಿ ಕಾಯಿ ಒಡೆಸಿ ಬಾ ಎಂದರು ಪಕ್ಕದ ಮನೆಯಾಕೆ. ಗಣಪತಿ ವಿಘ್ನ ಕಳೆಯುವವನು, ನಿಜ. ಆದರೆ ಸವೆದ ಬ್ರೇಕ್ ಪ್ಯಾಡ್ ಬದಲಿಸುವ ಕೆಲಸವನ್ನೂ ಅವನ ತಲೆಗೆ ಕಟ್ಟುವುದು ನನಗೆ ಸರಿ ಕಾಣಲಿಲ್ಲ.

ನಾನು ನಮ್ಮ ಮನೆಯ ಮೊದಲ ಪದವೀಧರೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಅವ್ವ ಮೀನುಬುಟ್ಟಿ ಹೊತ್ತು ಮನೆಮನೆ ತಿರುಗಿ ನನ್ನನ್ನು ಓದಿಸಿದಳು. ನಾನು ಭಟ್ಕಳದ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಅರ್ಧ ಪಾಠ ಓದಿದೆ. ಹಾಗೆ ಬಂದ ಓದಿನಿಂದ ಒಂದು ಚಟ ಅಂಟಿಕೊಂಡಿದೆ: ಯಾವ ವಸ್ತು ಕೊಂಡರೂ ಅದರ ಜೊತೆ ಬಂದ ಪುಸ್ತಕ ಓದುವುದು. ಕಾರಿನ ಪುಸ್ತಕದಲ್ಲಿ ವಿಷಯ ಸ್ಪಷ್ಟವಾಗಿತ್ತು. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ ಡಿಸ್ಕು. ಅದನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವುದು ಪ್ಯಾಡು. ಪ್ಯಾಡಿನ ಅಂಚಿಗೆ ಸಣ್ಣದೊಂದು ತಗಡಿನ ನಾಲಿಗೆ ಇಟ್ಟಿರುತ್ತಾರೆ. ಪ್ಯಾಡು ಸವೆದು ತೆಳ್ಳಗಾದಾಗ ಆ ತಗಡು ಡಿಸ್ಕಿಗೆ ತಾಗಿ ಕೂಗುತ್ತದೆ. ಕೂಗಲೆಂದೇ ಇಟ್ಟದ್ದು ಅದು. ರಾತ್ರಿ ಮಳೆಗೆ ಡಿಸ್ಕಿನ ಮೇಲೆ ಕೂತ ತುಕ್ಕಿನ ಸದ್ದು ಬೇರೆ. ಬೆಳಿಗ್ಗೆ ನಾಲ್ಕಾರು ಸಲ ಬ್ರೇಕ್ ಒತ್ತಿದರೆ ತುಕ್ಕು ತಾನೇ ಉಜ್ಜಿಹೋಗಿ ಸುಮ್ಮನಾಗುತ್ತದೆ. ನನ್ನ ಕಾರು ಹೊನ್ನಾವರ ಮುಟ್ಟಿದರೂ ಸುಮ್ಮನಾಗುತ್ತಿರಲಿಲ್ಲ. ಮೊದಲು ಮೇಲೆಯೇ ಹಿಡಿಯುತ್ತಿದ್ದ ಪೆಡಲು ಈಗ ಇನ್ನಷ್ಟು ಕೆಳಗಿಳಿದ ಮೇಲೆ ಹಿಡಿಯುತ್ತಿತ್ತು.

ಆ ತಿಂಗಳು ಬ್ರೇಕಿನ ಮೇಲೆ ಎಂದಿಲ್ಲದ ಭಾರ ಬಿದ್ದಿತ್ತು. ಅವ್ವನ ಕಣ್ಣಿನ ಪೊರೆ ತೆಗೆಸಬೇಕಿತ್ತು, ಕುಮಟಾದಲ್ಲಿ. ಎರಡು ವರ್ಷದಿಂದ ಮುಂದೆ ಹಾಕಿಕೊಂಡು ಬಂದಿದ್ದಳು. ಮೊದಲು ಅಮಾವಾಸ್ಯೆ ಅಡ್ಡ ಬಂತು. ಆಮೇಲೆ ಯಾರದೋ ಮದುವೆ. ಆಮೇಲೆ ಬಂಗಡೆ ಸೀಸನ್ನು. ಅಷ್ಟರಲ್ಲಿ ಆ ಮದುವೆಯಾದವರಿಗೆ ಮಗು ಹುಟ್ಟಿತು, ಅದರ ತೊಟ್ಟಿಲು. ಕಿವಿರು ನೋಡಿ ಮೀನಿನ ತಾಜಾತನ ಹೇಳುತ್ತಿದ್ದವಳು ಹೆಬ್ಬೆರಳಲ್ಲಿ ಒತ್ತಿ ನೋಡಿ ಹೇಳತೊಡಗಿದ್ದಳು. ಒಂದು ದಿನ ಹೆದ್ದಾರಿಯ ಆಚೆ ಬದಿ ನಿಂತು ಕೈ ಎತ್ತಿದಳು. ಬಸ್ಸು ನಿಲ್ಲಿಸಲು ಅಂದುಕೊಂಡೆ. ಅವಳು ಕೈ ಎತ್ತಿದ್ದು ನನಗೆ. ಬಸ್ಸು ಅವಳಿಗೆ ಕಂಡೇ ಇರಲಿಲ್ಲ, ರಸ್ತೆಗೆ ಕಾಲಿಟ್ಟಾಗಿತ್ತು. ಡ್ರೈವರು ಬೈದು ಹೋದ. ಬೈಸಿಕೊಳ್ಳಲು ಅವ್ವ ಉಳಿದಿದ್ದಳಲ್ಲ, ಅದೇ ಪುಣ್ಯ.

ಡಾಕ್ಟರು ಇನ್ನು ತಡ ಮಾಡಬೇಡಿ ಎಂದು ದಿನ ಕೊಟ್ಟರು. ಅವ್ವ ಒಪ್ಪಿದಳು, ಆದರೆ ಷರತ್ತು ಹಾಕಿ: “ಇದೊಂದ್ ಸಲ ಬರ್ತೆ. ಈ ಸಲ ತಪ್ತು ಅಂದ್ರೆ ದೇವರಿಗೇ ಮನಸ್ಸಿಲ್ಲ ಅಂತ ಲೆಕ್ಕ. ಮತ್ತೆ ನನ್ ಕೈಲಿ ಈ ಸುದ್ದಿ ಎತ್ತೂಕಿಲ್ಲ.” ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ನನ್ನ ಕಷ್ಟವೇ ಅದು.

ಅದಕ್ಕೇ ಆ ದಿನ ಬರುವ ಮೊದಲೇ ಕಾರನ್ನು ಭಟ್ಕಳದ ಗ್ಯಾರೇಜಿಗೆ ಒಯ್ದೆ. ಜೊತೆಗೆ ಮಾಮ ಬಂದ. ಅವ್ವನ ತಮ್ಮ, ನಮ್ಮ ಪಕ್ಕದ ಮನೆ, ಬದುಕೆಲ್ಲ ಬೋಟಿನ ಮೇಲೆ ಕಳೆದವನು. ಮಳೆಗಾಲದಲ್ಲಿ ಬೋಟು ದಡಕ್ಕೆ ಬಿದ್ದಿರುವ ಆ ದಿನಗಳಲ್ಲಿ ಅವನ ಕೈಗೆ ಕೆಲಸವಿರುವುದಿಲ್ಲ. ಯಾರು ಎಲ್ಲಿಗೆ ಹೊರಟರೂ ಹತ್ತಿಕೊಳ್ಳುತ್ತಾನೆ. ನಾನು ಗ್ಯಾರೇಜಿನವನಿಗೆ ಸದ್ದು ಎಲ್ಲಿ, ಯಾವಾಗ, ಪೆಡಲು ಎಷ್ಟು ಇಳಿಯುತ್ತದೆ ಎಂದು ವಿವರವಾಗಿ ಹೇಳಿದೆ. ಅವನು ಪೂರ್ತಿ ಕೇಳಿ, ಮಾಮನ ಕಡೆ ತಿರುಗಿ ಉತ್ತರ ಕೊಟ್ಟ.

“ಪ್ಯಾಡ್ ಹೋಗಿದೆ ಅಣ್ಣ.”

“ಅದನ್ನೇ ನಾನು ಹೇಳಿದ್ದು,” ಎಂದೆ.

“ಹೌದು ಮೇಡಂ, ನೀವು ಅಲ್ಲಿ ಚೇರಲ್ಲಿ ಕೂತ್ಕೊಳಿ, ಫ್ಯಾನ್ ಇದೆ.”

ಬಾಳಲ್ಲಿ ಚಕ್ರ ಇರುವ ಯಾವುದನ್ನೂ ನಡೆಸದ ಮಾಮ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಫ್ಯಾನಿನ ಕೆಳಗೆ ಕೂರದೆ ನಾನೂ ಹೋಗಿ ನಿಂತೆ. ಆದರೆ ಮಾತೆಲ್ಲ ನನ್ನ ತಲೆಯ ಮೇಲಿಂದ ಹಾದು ಮಾಮನಿಗೆ ತಲುಪುತ್ತಿತ್ತು. ಹಳೆ ಪ್ಯಾಡು ಬಿಸ್ಕತ್ತಿನಷ್ಟು ತೆಳ್ಳಗಾಗಿತ್ತು. ಹೊಸದು ಕೂರಿಸಿದರು, ಹಿಂದಿನ ಡ್ರಮ್ಮು ಬಿಚ್ಚಿ ಧೂಳು ತೆಗೆದರು, ಬ್ರೇಕ್ ಆಯಿಲ್ ಬದಲಿಸಿದರು. ನಾನು ಕೈಚೀಲ ತರಲು ಕಾರಿನ ಆ ಬದಿಗೆ ಹೋದಾಗ ಗ್ಯಾರೇಜಿನವನು ಮಾಮನಿಗೆ ಹೇಳುತ್ತಿದ್ದ: “ಡಿಸ್ಕಿಗೆ ಉಪ್ಪುಗಾಳಿ ಜಾಸ್ತಿ ತುಕ್ಕು ಹಿಡಿಸಿದೆ ಅಣ್ಣ. ಸ್ವಲ್ಪ ನೋಡ್ಕೊಳ್ಳಿ.”

ಮಾಮ ಗಂಭೀರವಾಗಿ ತಲೆಯಾಡಿಸಿದ. ನೋಡ್ಕೊಳ್ಳುವುದು ಅಂದರೆ ಏನು ಎಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಗಂಡಸರ ನಡುವೆ ಅಷ್ಟು ಬಿಡಿಸಿ ಹೇಳುವ ಪದ್ಧತಿಯಿಲ್ಲ.

ಬರುವ ದಾರಿಯಲ್ಲಿ ಕಾರು ಹೇಳಿದಲ್ಲಿ ನಿಂತಿತು. ಆದರೆ ಮರುದಿನವೇ ಹೆದ್ದಾರಿಗೆ ಗುಡ್ಡ ಕುಸಿಯಿತು. ಅಗಲ ಮಾಡುತ್ತೇವೆಂದು ಗುಡ್ಡವನ್ನು ಅರ್ಧ ಕಡಿದು ಬಿಟ್ಟವರಿಗೆ ಮಾತ್ರ ಇದು ಆಶ್ಚರ್ಯದ ಸಂಗತಿ. ಮಣ್ಣು ತೆಗೆಯುವವರೆಗೆ ನಾನು ರೈಲಿನಲ್ಲಿ ಓಡಾಡಿದೆ. ಕಾರು ಅಂಗಳದಲ್ಲಿ ಮಳೆಗೆ ನೆನೆಯುತ್ತ ನಿಂತಿತ್ತು.

ಆಸ್ಪತ್ರೆಯ ದಿನ ಬೆಳಿಗ್ಗೆ ರಸ್ತೆ ತೆರೆದಿತ್ತು, ಮಳೆಯೂ ಬಿಟ್ಟಿತ್ತು. ಅವ್ವ ಇಸ್ತ್ರಿ ಮಾಡಿದ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಳು, ಮಾಮ ಹಿಂದೆ. ನಮ್ಮ ಮನೆಯೆದುರು ದಾರಿ ಸ್ವಲ್ಪ ಇಳಿಜಾರು, ತುದಿಯಲ್ಲಿ ಕೇರಿಯ ರಸ್ತೆ. ಅಲ್ಲಿ ನಿಲ್ಲಿಸಲೆಂದು ಬ್ರೇಕ್ ಒತ್ತಿದೆ. ಪೆಡಲು ಕಲ್ಲಿನಷ್ಟು ಗಟ್ಟಿಯಾಗಿತ್ತು. ಕಾರು ಮಾತ್ರ ತನಗೆ ಸಂಬಂಧವಿಲ್ಲ ಎಂಬಂತೆ ಜಾರುತ್ತ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದೆ. ರಸ್ತೆ ದಾಟಿ, ಎದುರು ಮನೆಯವರು ತಾಡಪತ್ರಿ ಹೊದಿಸಿಟ್ಟ ಬಲೆಯ ರಾಶಿಗೆ ಮೂಗು ತೂರಿಸಿ ನಿಂತಿತು. ಆ ಹೊತ್ತಿಗೆ ರಸ್ತೆಯಲ್ಲಿ ಯಾರೂ ಇರಲಿಲ್ಲ.

ಇಳಿದು ನೋಡಿದರೆ ಚಕ್ರದಿಂದ ಮೀನು ಹುರಿದ ವಾಸನೆ.

“ಮಾಮ, ಎಂತ ಮಾಡಿದ್ದು ನೀನು?”

“ಎಂತ ಮಾಡಿದ್ದು ಅಂದ್ರೆ? ನಿನ್ನೆ ಸಂಜೆ ಎಣ್ಣೆ ಹಚ್ಚಿದ್ದೆ. ತಾರ್ಲೆ ಎಣ್ಣೆ, ಅಸಲಿ. ಕೋಲಿಗೆ ಬಟ್ಟೆ ಕಟ್ಟಿ ಚಕ್ರದ ತೂತಲ್ಲಿ ಹಾಕಿ ಎರಡೂ ಬದಿಗೆ ಚೆಂದ ಮಾಡಿ ಹಚ್ಚಿದ್ದೆ. ಕೆಂಪು ತುಕ್ಕು ಕೂತಿತ್ತಲ್ಲೇ, ನೋಡೂಕೆ ಆಗ್ತಿರ್ಲಿಲ್ಲ.”

ತಾರ್ಲೆ ಮೀನಿನ ಎಣ್ಣೆ ನಮ್ಮವರು ದೋಣಿಯ ಮರಕ್ಕೆ ಬಳಿಯುವುದು. ಮಳೆಗಾಲಕ್ಕೆ ದೋಣಿ ಮೇಲೆಳೆದ ಮೇಲೆ ಹಲಗೆಗೆ, ಮಾಮನ ಕೈಯಲ್ಲಾದರೆ ಲಂಗರಿಗೂ ಸರಪಳಿಗೂ ಅದೇ. ಅವನ ಪ್ರೀತಿಗೆ ಪಾತ್ರವಾದ ಯಾವ ಕಬ್ಬಿಣವೂ ಒಣಗಿ ಇರುವಂತಿಲ್ಲ.

“ಬ್ರೇಕ್ ಅಂದ್ರೆ ಉಜ್ಜಿ ನಿಲ್ಲಿಸೂದು ಮಾಮ. ಎಣ್ಣೆ ಹಚ್ಚಿದ್ರೆ ಉಜ್ಜೂದು ಹೇಗೆ?”

“ನಂಗೆ ಹೇಗೆ ಗೊತ್ತಾಗ್ಬೇಕು? ಇಷ್ಟ್ ವರ್ಷ ಸಮುದ್ರಕ್ಕೆ ಹೋದೆ, ಯಾವ ಬೋಟಿಗೆ ಬ್ರೇಕ್ ಇತ್ತು?”

ಕಾರಿನ ಪುಸ್ತಕ ಬರೆದವರು ಮಾಮನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೇರಿ ಸೇರಿತು. ಸೋಪಿನ ಪುಡಿ ಹಾಕಿ ತೊಳೆದರೆ ಸರಿಯಾಗ್ತದೆ ಎಂದರು. ನಿಧಾನ ಹೋದರೆ ಎಂತ ಆಗ್ತದೆ, ಶರಾವತಿ ಸೇತುವೆವರೆಗೆ ರಸ್ತೆ ಸಪಾಟೇ ಅಲ್ಲವೇ ಎಂದ ಒಬ್ಬ ಮಹಾನುಭಾವ; ಆ ರಸ್ತೆಯಲ್ಲಿ ದನ, ಲಾರಿ, ಅಪ್ಸರಕೊಂಡ ಜಲಪಾತ ಹುಡುಕುತ್ತ ಫೋನು ನೋಡಿಕೊಂಡು ಗಾಡಿ ಬಿಡುವ ಪ್ರವಾಸಿಗರು ಯಾರೂ ಇಲ್ಲವೆಂಬಂತೆ. ಎಣ್ಣೆ ಹೀರಿದ ಪ್ಯಾಡು ತೊಳೆದರೆ ಹೋಗುವುದಿಲ್ಲ, ಬಿಸಾಡಬೇಕು. ನಾನು ಕೀಲಿ ತೆಗೆದು ಕಿಸೆಗೆ ಹಾಕಿದೆ. ಈ ಕಾರಿನಲ್ಲಿ ನನ್ನ ಅವ್ವ ಕೂರುವುದಿಲ್ಲ.

ಅವ್ವ ಅಷ್ಟರಲ್ಲಿ ಇಳಿದು ಸೀರೆ ಸರಿಮಾಡಿಕೊಂಡಿದ್ದಳು. ಮುಖದಲ್ಲಿ ದುಃಖವಿತ್ತು ಎಂದರೆ ಸುಳ್ಳಾದೀತು.

“ನೋಡಿದ್ಯಾ? ನಾ ಹೇಳಿದ್ನಲ್ಲ, ದೇವರಿಗೆ ಮನಸ್ಸಿಲ್ಲ. ಒಳಗೆ ನಡಿ, ದೋಸೆ ಹುಯ್ತೆ.”

“ದೇವರು ಎಣ್ಣೆ ಹಚ್ಚಲಿಲ್ಲ ಅವ್ವ, ನಿನ್ನ ತಮ್ಮ ಹಚ್ಚಿದ್ದು. ನಿಲ್ಲು ಅಲ್ಲೇ.”

ರೈಲು ಆಗಲೇ ಹೋಗಿಯಾಗಿತ್ತು. ಬಸ್ಸಿಗೆ ಹೆದ್ದಾರಿವರೆಗೆ ನಡೆಯಬೇಕು. ಅಷ್ಟು ದೂರದಲ್ಲಿ ಅವಳಿಗೆ ಮನೆಗೆ ತಿರುಗಲು ಹತ್ತು ಕಾರಣ ಸಿಗುತ್ತವೆ. ಆಗ ಕೇರಿಯ ಒಳಗಿನಿಂದ ಒಣಮೀನು ಹೇರಿಕೊಂಡು ಕುಮಟಾ ಪೇಟೆಗೆ ಹೊರಟ ಟೆಂಪೋ ಬಂತು. ನಾನು ರಸ್ತೆಯ ನಡುವೆ ನಿಂತೆ. ಅದು ನಿಂತಿತು. ಅದರ ಬ್ರೇಕಿನ ಪರೀಕ್ಷೆಯೂ ಆದಂತಾಯಿತು.

ಅವ್ವನಿಗೆ ಕಾರಿಗಿಂತ ಟೆಂಪೋದ ಮೆಟ್ಟಿಲು ಚೆನ್ನಾಗಿ ಗೊತ್ತು. ಹತ್ತಿ ಕೂತು ಡ್ರೈವರನ್ನೇ ವಿಚಾರಿಸಿಕೊಂಡಳು: “ನಿಂದು ಬ್ರೇಕ್ ಹಿಡೀತದ ಮಾರಾಯ?”

“ಹಿಡೀತದೆ ಅಕ್ಕ. ಹಾರ್ನ್ ಒಂದೇ ಇಲ್ಲ.”

“ಅದಕ್ಕೆಂತ, ನಾ ಕೂಗ್ತೆ.”

ಮಾಮ ಹಿಂದೆ ಒಣಮೀನಿನ ಮೂಟೆಗಳ ನಡುವೆ ಕೂತ. ಬೇಡ ಎಂದೆ; ಅಕ್ಕನ ಕಣ್ಣು, ಬರದೆ ಇರುವುದು ಹೇಗೆ ಎಂದ. ಆಸ್ಪತ್ರೆಯಲ್ಲಿ ನಾವು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಜನ ತುಂಬಿದ ಕಡೆ ಅಷ್ಟು ಧಾರಾಳವಾಗಿ ಜಾಗ ಸಿಕ್ಕಿದ್ದು ನನಗೆ ಅದೇ ಮೊದಲು. ಹೇಳಿದ ಹೊತ್ತಿಗೆ ಅವ್ವನನ್ನು ಒಳಗೆ ಕರೆದರು. ಬಾಗಿಲ ಬಳಿ ಒಮ್ಮೆ ತಿರುಗಿ ನೋಡಿದಳು, ಓಡಿಹೋಗಲು ದಾರಿಯಿದೆಯೇ ಎಂದು. ದಾರಿಯಲ್ಲಿ ನಾನಿದ್ದೆ.

ಮರುದಿನ ಪಟ್ಟಿ ಬಿಚ್ಚಿದರು. ಅವ್ವ ಕಣ್ಣು ಪಿಳಿಪಿಳಿ ಮಾಡಿ ಮೊದಲು ನೋಡಿದ್ದು ಎದುರಿಗೆ ನಿಂತಿದ್ದ ಮಾಮನನ್ನು.

“ತಮ್ಮಾ, ಇಷ್ಟ್ ಮುದುಕ ಯಾವಾಗ ಆದ್ಯೋ?”

“ನೀ ಕನ್ನಡಿ ನೋಡ್ಕ ಮೊದ್ಲು,” ಎಂದ ಮಾಮ, ಮುಖ ಆ ಕಡೆ ತಿರುಗಿಸಿ.

ಅವಳು ನನ್ನ ಕಡೆ ತಿರುಗಿದಳು. ನನ್ನ ಮುಖ, ಕಿವಿ, ಕುತ್ತಿಗೆ, ಅಂಗಿಯ ಗುಂಡಿ, ಒಂದೊಂದನ್ನೂ ಪೇಟೆಯಲ್ಲಿ ಮೀನು ಆರಿಸುವವಳಂತೆ ನೋಡಿದಳು. ಆಮೇಲೆ, ಎರಡು ವರ್ಷ ನಾನು ಬೇಡಿ, ಬೈದು, ಅತ್ತು ಹೇಳಿಸಲಾಗದ ಮಾತನ್ನು ಡಾಕ್ಟರ ಹತ್ತಿರ ತಾನಾಗಿ ಕೇಳಿದಳು:

“ಇನ್ನೊಂದು ಕಣ್ಣು ಯಾವಾಗ ಮಾಡ್ತ್ರಿ?”