ಮಾರ್ಕರ್ ಹಾಕದ ಕಪ್ಪು

ಕಳೆದ ಶುಕ್ರವಾರ, ಏಷ್ಯನ್ ಗೇಮ್ಸ್‌ಗೆಂದು ಅಗೆದಿಟ್ಟ ರಸ್ತೆಗಳನ್ನೆಲ್ಲ ಸುತ್ತಿ ಗೆಳೆಯ ವಾಲ್ಟರ್ ಮನೆ ಮುಟ್ಟಿದರೆ, ಆಸಾಮಿ ಹೆಂಡತಿಯ ನೇಲ್ ಪಾಲಿಶ್ ರಿಮೂವರ್ ಮತ್ತು ಹತ್ತಿ ಹಿಡಿದು ಕೂತಿದ್ದರು. ಎದುರಿಗೆ ಇಟ್ಟಿಗೆಯಷ್ಟು ದಪ್ಪದ ಚಿತ್ರಪುಸ್ತಕ.

"ನೋಡಿ ಮಾರಾಯ್ರೆ, ಮುಕ್ಕಾಲು ಚಿತ್ರಕ್ಕೆ ಮಾರ್ಕರ್ ಎಳೆದು ಬಿಟ್ಟಿದ್ದಾರೆ!"

ಗಲ್ಫಿನ ಈ ಊರಿಗೆ ಹೊರಗಿನಿಂದ ಬರುವ ಪತ್ರಿಕೆ, ಪುಸ್ತಕಗಳಲ್ಲಿ ತೋಳು, ಬೆನ್ನು ಕಂಡರೆ ಸೆನ್ಸಾರಿನವರು ಅದರ ಮೇಲೆ ಕಪ್ಪು ಮಾರ್ಕರ್ ಬಳಿದಿರುತ್ತಾರೆ. ಅದನ್ನು ಒರೆಸಿ ತೆಗೆಯುವ ವಿದ್ಯೆಯಲ್ಲಿ ನಾವೆಲ್ಲ ಪಳಗಿದವರು. (ಒರೆಸಿದ ಮೇಲೆ ಅಲ್ಲಿ ನೋಡುವಂಥದ್ದೇನೂ ಇರುವುದಿಲ್ಲ, ಆ ಮಾತು ಬೇರೆ.)

ಪುಸ್ತಕ ಮಗಳು ರೆನಿಟಾಳದು. ಹನ್ನೆರಡನೇ ಕ್ಲಾಸು. ಆರ್ಟ್ ಕಾಲೇಜಿಗೇ ಹೋಗುತ್ತೇನೆಂದು ಅವಳು, ಬಿ.ಕಾಂ. ಎಂದು ಅಕೌಂಟೆಂಟ್ ಅಪ್ಪ. ಬಿನ್ ಒಮ್ರಾನ್ ಬಡಾವಣೆಯ ಆ ಪುಟ್ಟ ಫ್ಲ್ಯಾಟಿನಲ್ಲಿ ಒಂದು ತಿಂಗಳಿಂದ ಅಪ್ಪ-ಮಗಳ ಮಾತು ಖಲಾಸ್. ಆದರೂ ಮಗಳ ಪುಸ್ತಕ ಹಾಳಾಯಿತೆಂದು ಸಂಕಟಪಟ್ಟು ಒರೆಸಲು ಕೂತವರು ಇದೇ ಅಪ್ಪ!

ಹತ್ತಿ ಪುಟಕ್ಕೆ ತಾಗುವುದಕ್ಕೂ ರೆನಿಟಾ ಒಳಗಿನಿಂದ ಬರುವುದಕ್ಕೂ ಸರಿಹೋಯಿತು.

"ಡ್ಯಾಡಿ, ಸ್ಟಾಪ್! ಅದು ಮಾರ್ಕರ್ ಅಲ್ಲ. ಪೇಂಟರೇ ಹಾಕಿದ ಕಪ್ಪು. ಬರೋಕ್ ಸ್ಟೈಲ್, ನಾನೂರು ವರ್ಷ ಹಿಂದಿನದ್ದು!"

ತಿಂಗಳ ಮೌನ ಮುರಿದದ್ದು ಹೀಗೆ. (ಮನೆಮಾತು ಕೊಂಕಣಿ, ನಾನಿದ್ದೇನೆಂದು ಕನ್ನಡ.) ಪುಟದ ಮೂಲೆಯಲ್ಲಿ ಒಂದು ಬಿಳಿ ಕಲೆ ಮಾತ್ರ ಉಳಿದೇಬಿಟ್ಟಿತು.

"ಇಷ್ಟು ಕಪ್ಪು ಎಂತಕ್ಕೆ?" ವಾಲ್ಟರ್ ಕೇಳಿದರು.

"ಲೈಟ್ ಕಾಣ್ಲಿಕ್ಕೆ ಡ್ಯಾಡಿ. ನೋಡಿ, ಒಂದೇ ಸೈಡಿಂದ ಬರ್ತದೆ. ಮುದುಕನ ಹಣೆ, ಕೈ, ಅಷ್ಟೇ."

ನಾನೂ ಬಗ್ಗಿ ನೋಡಿದೆ. ಆ ಕೈ ಕತ್ತಲಿಂದ ಚಾಚಿ ನನ್ನ ಟೀ ಗ್ಲಾಸನ್ನೇ ಎತ್ತಿಕೊಂಡೀತು ಅನ್ನಿಸಿತು. ಉಗುರಿನ ಕೊಳೆಯನ್ನೂ ಬಿಟ್ಟಿಲ್ಲ ಪುಣ್ಯಾತ್ಮ! ಮುಂದಿನ ಪುಟದಲ್ಲಿ ಅಮೃತಶಿಲೆಯ ಹೆಣ್ಣು. ಓಡುತ್ತಿದ್ದಾಳೆ, ಬಟ್ಟೆ ಹಾರುತ್ತಿದೆ. ಕಲ್ಲಿನಲ್ಲಿ ಗಾಳಿಯನ್ನು ಕೆತ್ತುವುದೆಂದರೇನು ಸ್ವಾಮಿ?

ರೆನಿಟಾ ಹಿಂದಿನ ಪುಟಗಳಿಗೆ ಹೋದಳು. ಬರೋಕ್‌ಗಿಂತ ಮೊದಲಿನ, ಮ್ಯಾನರಿಸ್ಟ್ ಎಂಬ ಪಂಥದ ಚಿತ್ರಕಾರರಂತೆ. ಕೊಕ್ಕರೆ ಕುತ್ತಿಗೆ, ಮುಗಿಯದ ಬೆರಳು, ಬಳ್ಳಿಯಂತೆ ತಿರುಚಿದ ಸೊಂಟ.

"ಇವನಿಗೆ ಅಳತೆ ಗೊತ್ತಿಲ್ಲ." ಅಕೌಂಟೆಂಟ್ ತೀರ್ಪು.

"ಗೊತ್ತಿದ್ದೇ ತಪ್ಪಿಸಿದ್ದು ಡ್ಯಾಡಿ. ಕರೆಕ್ಟ್ ಅಳತೆಯಲ್ಲಿ ಇವರಿಗಿಂತ ಮೊದಲಿನವರು ಎಲ್ಲ ಮಾಡಿ ಆಗಿತ್ತು. ಇವರಿಗೆ ಬೇರೆ ಥರದ ಚಂದ ಬೇಕಿತ್ತು."

ವಾಲ್ಟರ್ ಈಗ ಪುಸ್ತಕ ನೋಡುತ್ತಿರಲಿಲ್ಲ, ಮಗಳ ಮುಖ ನೋಡುತ್ತಿದ್ದರು. ಅಷ್ಟು ಹೊಳಪು ಆ ಮುಖದಲ್ಲಿ ನಾನೂ ಎಂದೂ ಕಂಡಿರಲಿಲ್ಲ. ನಿಜ ಹೇಳಲೇ? ನನಗೆ ಕಣ್ಣು ತುಂಬಿ ಬಂತು.

ಕೊನೆಗೆ ವಾಲ್ಟರ್ ರಿಮೂವರ್ ಬಾಟಲಿಗೆ ಮುಚ್ಚಳ ತಿರುಗಿಸುತ್ತ ಕೇಳಿದರು: "ನಿನ್ನ ಆ ಕಾಲೇಜು ಬರೋಡದಲ್ಲಿ ಅಲ್ವಾ? ಹುಡುಗಿಯರಿಗೆ ಹಾಸ್ಟೆಲ್ ಉಂಟಾ?"

ಮಕ್ಕಳ ದಾರಿಯಲ್ಲಿ ಕಪ್ಪು ಕಂಡ ಕೂಡಲೇ ಒರೆಸಲು ಓಡುತ್ತೇವಲ್ಲ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಒಮ್ಮೆಯಾದರೂ ನೋಡುತ್ತೇವೆಯೇ?